ಎಂಟು ದಿನದ ಗೆಸ್ಟ್ ನೆಟ್‌ವರ್ಕ್

ನಮ್ಮ ಊರಿನಲ್ಲಿ ವೈ-ಫೈ ಪಾಸ್‌ವರ್ಡನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಪರವೂರಿನಿಂದ ಬಂದ ಹೊಸ ಅಳಿಯಂದಿರು ಒಬ್ಬಿಬ್ಬರು ತಿಳಿಯದೆ ಕೇಳಿಬಿಡುತ್ತಾರೆ. ಆಗ ಮನೆಯವರು ಮುಖಮುಖ ನೋಡಿಕೊಂಡು "ಮೊದಲ ಚಹಾ ಕುಡೀರಲ್ಲ" ಎಂದು ಮಾತು ತೇಲಿಸುತ್ತಾರೆ. ಯಾಕೆಂದರೆ ಇಲ್ಲಿ ನಿಮ್ಮ ಫೋನು ಯಾರ ಮನೆಯ ನೆಟ್‌ವರ್ಕಿಗೆ ಸೇರಿಕೊಳ್ಳುತ್ತದೋ ಆ ಮನೆಯ ಒಲೆಯ ಮೇಲೆ ಏನಿದೆಯೋ ಅದರ ವಾಸನೆ ನೀವಿದ್ದಲ್ಲಿಗೆ ಬರುತ್ತದೆ. ಊರ ಮಗ್ಗುಲಿನ ಹಳ್ಳ ದಾಟುವವರೆಗೂ ಬರುತ್ತದೆ, ದಾಟಿದರೆ ನಿಲ್ಲುತ್ತದೆ. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ರೂಟರ್ ಕೂಡಿಸುವವಳು, ಅಷ್ಟೇ.

ಹೆಸರು ನೀಲಾಂಬಿಕಾ, ಊರಿಗೆಲ್ಲ ನೀಲಕ್ಕ. ಹದಿನೆಂಟು ವರ್ಷದಿಂದ ಇದೇ ಕೆಲಸ. ಜನರಿಗೆ ಎಷ್ಟು ಬೈದರೂ ಬುದ್ಧಿ ಬರುವುದಿಲ್ಲ. ರೂಟರನ್ನು ತಂದು ಫ್ರಿಜ್ಜಿನ ಹಿಂದೆ ತುರುಕಿ "ಸ್ಪೀಡೇ ಇಲ್ಲ ನೀಲಕ್ಕ" ಎನ್ನುತ್ತಾರೆ. ಕಂಪನಿಯವರು ಕೊಟ್ಟ 'ಅಡ್ಮಿನ್' ಎಂಬ ಗುಟ್ಟನ್ನು ಬದಲಿಸದೆ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಪಾಸ್‌ವರ್ಡ್ ಎಂದು ಒಂದರಿಂದ ಎಂಟರವರೆಗೆ ಅಂಕಿ ಹಾಕುತ್ತಾರೆ. ವಕೀಲ ಹಂಪಣ್ಣ ಹಾಗೆ ಹಾಕಿಕೊಂಡಿದ್ದ. ಶ್ರಾವಣ ಸೋಮವಾರ ಕಟ್ಟುನಿಟ್ಟಾಗಿ ಉಪವಾಸ ಇರುತ್ತೇನೆಂದು ಕೋರ್ಟಿನಲ್ಲೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ. ಅವನ ಮನೆಯಲ್ಲಿ ಸೋಮವಾರ ಹನ್ನೊಂದು ಗಂಟೆಗೆ ಮಿರ್ಚಿ ಭಜಿ ಕರಿಯುವುದು ಇಡೀ ಓಣಿಗೆ ಗೊತ್ತಾಗಿತ್ತು. ಕಡೆಗೆ ಅವನ ಹೆಂಡತಿಯೇ ನನ್ನನ್ನು ಕರೆಸಿ ಗಟ್ಟಿ ಪಾಸ್‌ವರ್ಡ್ ಹಾಕಿಸಿದಳು. ಗಂಡ ಭಜಿ ತಿನ್ನುವುದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ, ಎಣ್ಣೆ ಹಳೆಯದೆಂದು ಪಕ್ಕದ ಮನೆಯವರು ಆಡಿಕೊಂಡದ್ದು ತಡೆಯಲಾಗಿರಲಿಲ್ಲ.

ಕೆಲಸದಲ್ಲಿ ನೋಡುವುದು ಬಹಳ ಇರುತ್ತದೆ. ಎರಡು ಪಾಯಿಂಟ್ ನಾಲ್ಕರ ಬ್ಯಾಂಡಿನಲ್ಲಿ ಬೇಳೆ ಬೇಯುವುದು, ಹಾಲು ಕಾಯುವುದು ಇಂಥ ಮೆತ್ತಗಿನ ವಾಸನೆಗಳು ಗೋಡೆ ದಾಟಿ ದೂರ ಹೋಗುತ್ತವೆ. ಐದರ ಬ್ಯಾಂಡಿನಲ್ಲಿ ಒಗ್ಗರಣೆ ಚುರುಕಾಗಿ ಬರುತ್ತದೆ, ಆದರೆ ಎರಡು ಗೋಡೆ ಅಡ್ಡ ಬಂದರೆ ಸತ್ತುಹೋಗುತ್ತದೆ. ಚಾನೆಲ್ ಸರಿಯಾಗಿ ಆರಿಸದಿದ್ದರೆ ಅಕ್ಕಪಕ್ಕದ ಎರಡು ಮನೆಗಳ ಅಡುಗೆ ಕಲಸಿ ಯಾವ ಮನೆಯದೂ ಅಲ್ಲದ ಮೂರನೆಯ ವಾಸನೆಯೊಂದು ಹುಟ್ಟುತ್ತದೆ. ಮೀನುಪೇಟೆಯವರೆಲ್ಲ ಆರನೇ ಚಾನೆಲ್ ಹಿಡಿದು ಕೂತಿದ್ದಾರೆ, ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದಕ್ಕೇ ಮಠದ ಓಣಿಯವರಿಗೆ ಒಂದನೆಯದನ್ನೋ ಹನ್ನೊಂದನೆಯದನ್ನೋ ಹಾಕಿಕೊಡುತ್ತೇನೆ. ಇಬ್ಬರೂ ಸುಖವಾಗಿದ್ದಾರೆ.

ಇನ್ನು ಮದುವೆಯ ಕೆಲಸ. ನಮ್ಮಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ ಮೇಲೆ ಎರಡೂ ಮನೆಯವರು ಎಂಟು ದಿನದ ಮಟ್ಟಿಗೆ ಒಬ್ಬರಿಗೊಬ್ಬರು ಗೆಸ್ಟ್ ನೆಟ್‌ವರ್ಕ್, ಅಂದರೆ ಅತಿಥಿಗಳಿಗೆಂದೇ ಇರುವ ಬೇರೆ ವೈ-ಫೈ, ತೆರೆದುಕೊಡುತ್ತಾರೆ. ಆ ಎಂಟು ದಿನ ಯಾರೂ ಯಾರ ಮನೆಗೂ ಕಾಲಿಡುವ ಹಾಗಿಲ್ಲ, ಫೋನಿನಲ್ಲಿ ಮಾತೂ ಇಲ್ಲ. ಬರೀ ವಾಸನೆ. ಎಷ್ಟು ಹೊತ್ತಿಗೆ ಒಲೆ ಹತ್ತುತ್ತದೆ, ತಂಗಳು ಬಿಸಿಮಾಡುತ್ತಾರೋ ಬಿಸಾಡುತ್ತಾರೋ, ಬಂದವರಿಗೆ ಚಹಾದಲ್ಲಿ ಶುಂಠಿ ಹಾಕುತ್ತಾರೋ ಇಲ್ಲವೋ, ಎಲ್ಲ ತಿಳಿಯುತ್ತದೆ. ಒಂಬತ್ತನೆಯ ದಿನ ಗಂಡಿನವರು ಸಕ್ಕರೆ ತೆಗೆದುಕೊಂಡು ಬಂದರೆ ಮದುವೆ ಗಟ್ಟಿ. ಬರಲಿಲ್ಲವೋ, ಗೆಸ್ಟ್ ನೆಟ್‌ವರ್ಕ್ ಮುಚ್ಚಿ ಸುಮ್ಮನಾಗುವುದು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಈ ಗೆಸ್ಟ್ ತೆರೆಯುವ ಕೆಲಸ ಊರಿನಲ್ಲಿ ನನ್ನೊಬ್ಬಳದೇ, ಯಾಕೆಂದರೆ ನೀಲಕ್ಕ ಕೂಡಿಸಿದರೆ ಅದರಲ್ಲಿ ಮೋಸವಿಲ್ಲ ಎಂಬ ನಂಬಿಕೆ. ಈ ನಂಬಿಕೆಯನ್ನು ನಾನೇ ಹಾಳುಮಾಡಿಕೊಂಡ ಕಥೆ ಇದು.

ಒಂದು ಶನಿವಾರ ಮಧ್ಯಾಹ್ನ ಡ್ರಾಯಿಂಗ್ ಮಾಸ್ತರು ಗುರುಪಾದಪ್ಪ ನನ್ನ ಮನೆಗೆ ಬಂದರು. ಊರಿನ ಅರ್ಧ ಜನಕ್ಕೆ ಆನೆ ಬರೆಯುವುದನ್ನು ಕಲಿಸಿದವರು, ಈಗ ನಿವೃತ್ತರು. ಹೆಂಡತಿ ತೀರಿಕೊಂಡು ಹದಿನಾಲ್ಕು ವರ್ಷ. ಆಗ ಮಗಳು ಶಿವಲೀಲಾಳಿಗೆ ಹನ್ನೆರಡು. ಅಂದಿನಿಂದ ಅಡುಗೆ ಮಾಸ್ತರದೇ. ಪಾಪ, ಮನಸ್ಸಿಟ್ಟು ಮಾಡುತ್ತಾರೆ. ಆದರೆ ಬಾಣಲೆಗೆ ಎಣ್ಣೆ ಹಾಕಿ ಸಾಸಿವೆ ಹುಡುಕಲು ತಿರುಗಿದಾಗ ಗೋಡೆಯ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿದ್ದರೆ ಅದನ್ನೇ ನೋಡುತ್ತ ನಿಂತುಬಿಡುತ್ತಾರೆ. ಹೀಗಾಗಿ ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಸೀಯದೆ ಇಳಿದ ಪಾತ್ರೆ ಕಡಿಮೆ.

"ಲೀಲಾಗ ಒಂದು ಕಡೆ ಕೂಡಿ ಬಂದೇತಿ ನೀಲಕ್ಕ" ಎಂದರು. "ಕಾಶೀಬಾಯಾರ ಮಗ, ಮೋಟಾರ್ ರಿವೈಂಡಿಂಗ್ ಮಾಡ್ತಾನಲ್ಲ, ಪ್ರಭುಲಿಂಗ. ಸೋಮವಾರದಿಂದ ಎಂಟು ದಿನ ಗೆಸ್ಟ್ ಬಿಡಬೇಕು."

"ಅಯ್ಯ, ಛಲೋ ಆತಲ್ರೀ ಮಾಸ್ತರ! ಹುಡುಗ ಬಂಗಾರದಂಥಾಂವ" ಎಂದೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ ಬಿಚ್ಚಿ ಮಡಿಸುತ್ತಿದ್ದರು.

"ಕಾಶೀಬಾಯಾರ ಮೂಗು ನಿನಗ ಗೊತ್ತೈತಲ್ಲ" ಎಂದರು.

ಯಾರಿಗೆ ಗೊತ್ತಿಲ್ಲ? ಆ ಹೆಂಗಸು ಗಿರಣಿಯ ಮುಂದೆ ಹಾದುಹೋಗುತ್ತ, ಒಳಗೆ ಬೀಸುತ್ತಿರುವುದು ಈ ವರ್ಷದ ಜೋಳವೋ ಹೋದ ವರ್ಷದ್ದೋ ಹೇಳುತ್ತಾಳೆ. ಮಾಸ್ತರು ತಡವರಿಸುತ್ತ ವಿಷಯಕ್ಕೆ ಬಂದರು. ಅವರ ಪಕ್ಕದ ಮನೆಯ ಇಂದುಮತಿ ಹೋಳಿಗೆ ಮಾಡಿ ಮಾರುವವಳು. ಅವಳ ಕೈ ಅಂದರೆ ಕೈ. ಗೆಸ್ಟ್ ನೆಟ್‌ವರ್ಕಿನ ಹೆಸರು ಮಾಸ್ತರ ಮನೆಯದೇ ಇರಲಿ, ಆದರೆ ಅದರಲ್ಲಿ ಹೋಗುವುದು ಇಂದುಮತಿಯ ಅಡುಗೆಮನೆಯ ವಾಸನೆಯಾಗಲಿ. ಇದು ಅವರ ಬೇಡಿಕೆ.

ನನಗೆ ಎಲ್ಲಿತ್ತೋ ಸಿಟ್ಟು. ರಿಪೀಟರ್ ಎಂಬುದೊಂದಿದೆ, ಒಂದು ನೆಟ್‌ವರ್ಕನ್ನು ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ. ದೊಡ್ಡ ಮನೆಗಳಲ್ಲಿ ಹಿತ್ತಲಿನವರೆಗೆ ಸಿಗ್ನಲ್ ಮುಟ್ಟಲೆಂದು ಹಾಕುತ್ತೇನೆ. ಆದರೆ ನೆರೆಮನೆಯದನ್ನು ಹಿಡಿದು ತಮ್ಮದೆಂದು ದಾಟಿಸುವುದು ನಮ್ಮ ಊರಿನಲ್ಲಿ ಕಳ್ಳತನಕ್ಕಿಂತ ಕಡೆ. "ಏನ್ರೀ ಮಾಸ್ತರ, ಸಾಲ್ಯಾಗ ಇನ್ನೊಬ್ಬರ ಚಿತ್ರಾ ನೋಡಿ ಬರದ್ರ ಕೈಮ್ಯಾಲ ಹೊಡೀತಿದ್ರಲ್ಲ, ಮರತ್ರೇನು? ನನ್ನ ಕೈಲಿ ಇಂಥಾದ್ದು ಮಾಡಿಸಬ್ಯಾಡ್ರಿ. ಬೇಕಾದ್ರ ಪವರ್ ಕಮ್ಮಿ ಇಡ್ತೀನಿ, ವಾಸನಿ ತೆಳ್ಳಗ ಹೋಗ್ತದ."

"ತೆಳ್ಳಗ ಹೋದ್ರ ಏನೋ ಮುಚ್ಚಿಡ್ತಾರ ಅಂತಾರ" ಎಂದರು. ಅದೂ ನಿಜ. "ಹೋದ ಸಲ ಏನಾತು ನಿನಗ ಗೊತ್ತಿಲ್ಲೇನು? ಮೂರನೇ ದಿನಕ್ಕ ಗೆಸ್ಟ್ ಬಿಟ್ಟುಹೋದ್ರು. ಹೆಣ್ಮಕ್ಕಳ ಕೈ ಇಲ್ಲದ ಮನಿ ಅಂತ ಊರೆಲ್ಲ ಹೇಳಿದ್ರು. ಲೀಲಾ ಒಂದ ಮಾತೂ ಆಡಲಿಲ್ಲ. ಆದ್ರ ಆಗ ಆ ಹುಡುಗನ ಮ್ಯಾಲ ಅಕಿಗೆ ಮನಸಿರಲಿಲ್ಲ. ಈ ಸಲ ಐತಿ, ನೀಲಕ್ಕ. ಅಪ್ಪಾ, ಇವರಿಗೆ ಹೂಂ ಅನ್ರಿ ಅಂತ ತಾನಽ ಬಾಯಿಬಿಟ್ಟು ಹೇಳ್ಯಾಳ. ಹದಿನಾಲ್ಕು ವರ್ಷದಾಗ ಅಕಿ ನನಗ ಬೇಕು ಅಂತ ಕೇಳಿದ್ದು ಇದೊಂದ. ಇದನ್ನೂ ನಾ ಒಲೀಮ್ಯಾಲ ಇಟ್ಟು ಹೊತ್ತಿಸಿಬಿಟ್ರ?"

ಅಷ್ಟು ಹೇಳಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ನನಗೆ ಬೈಯಲು ಬರುತ್ತದೆ, ಅಳುವವರ ಮುಂದೆ ಕೂರಲು ಬರುವುದಿಲ್ಲ. ನಾಳೆ ಬಂದು ಮಾಡಿಕೊಡುತ್ತೇನೆಂದು ಹೇಳಿ ಎದ್ದೆ.

ಭಾನುವಾರ ಲೀಲಾ ಗೆಳತಿಯ ಮನೆಗೆ ಹೋದ ಹೊತ್ತು ನೋಡಿ ಮಾಸ್ತರ ಮನೆಗೆ ಹೋದೆ. ಅವರ ರೂಟರ್ ಸ್ಟೀಲ್ ಡಬ್ಬಿಗಳ ಸಾಲಿನ ಹಿಂದೆ ಅಡಗಿತ್ತು. ಮೊದಲು ಅದನ್ನು ಅಲ್ಲಿಂದ ಬಿಡಿಸಿ ಎತ್ತರದ ಮೊಳೆಗೆ ತೂಗುಹಾಕಿದೆ. ಒಳಗಿನ ಪುಟ ತೆಗೆದರೆ ಅದೇ ಅಡ್ಮಿನ್, ಅದೇ ಅಡ್ಮಿನ್. ಪಾಸ್‌ವರ್ಡ್ ಮಗಳ ಹುಟ್ಟಿದ ದಿನ. "ಇದು ಊರಿಗೆಲ್ಲ ಗೊತ್ತಿರೂದು ಮಾಸ್ತರ, ನೀವಽ ಪೇಡೆ ಹಂಚಿದ್ರಿ" ಎಂದು ಬೈದು ಗಟ್ಟಿಯಾದದ್ದನ್ನು ಹಾಕಿದೆ. ಹಳೆಯ ಫರ್ಮ್‌ವೇರ್ ಬದಲಿಸಿ ಹೊಸದು ಏರಿಸಿದೆ. ಗೆಸ್ಟ್ ತೆರೆದು, ಅದಕ್ಕೂ ಮನೆಯ ಸ್ವಂತ ನೆಟ್‌ವರ್ಕಿಗೂ ಸಂಬಂಧವಿಲ್ಲದಂತೆ ಬೇರ್ಪಡಿಸಿದೆ. ಅಲ್ಲಿಯವರೆಗಿನ ಕೆಲಸ ಎಲ್ಲ ನ್ಯಾಯದ್ದೇ. ಆಮೇಲೆ ಇಂದುಮತಿಯ ಮನೆಯ ಕಡೆಯ ಗೋಡೆಗೆ ಹತ್ತಿದ ಕಪಾಟಿನ ಮೇಲೆ ರಿಪೀಟರ್ ಇಟ್ಟು, ಅವಳ ನೆಟ್‌ವರ್ಕನ್ನು ಹಿಡಿದು ಮಾಸ್ತರ ಗೆಸ್ಟಿಗೆ ಕೂಡಿಸಿದೆ. ಲೀಲಾಳ ಫೋನಿಗೆ ಮನೆಯ ಸ್ವಂತದ್ದೇ ಬರುತ್ತಿದ್ದುದರಿಂದ ಅವಳಿಗೆ ಇದರ ಸುಳಿವೂ ಸಿಗುವಂತಿರಲಿಲ್ಲ. ಅವಳಿಗೆ ಹೇಳಬಾರದೆಂದು ಮಾಸ್ತರು ಆಣೆ ಹಾಕಿಸಿಕೊಂಡಿದ್ದರು.

ಇಂದುಮತಿ ಮಾತ್ರ ಕುಣಿದಾಡಿದಳು. "ನಮ್ಮ ಲೀಲಾನ ಮದುವಿಗೆ ನಾ ಇಷ್ಟೂ ಮಾಡಬಾರದೇನು? ಪಾಸ್‌ವರ್ಡ್ ಯಾಕ, ಪ್ರಾಣಾನೂ ತಗೋರಿ" ಎಂದಳು. ನಾನು "ಸಾದಾ ಅಡಗಿ ಮಾಡವಾ, ಎಂಟು ದಿನ ಅಷ್ಟ" ಎಂದು ಕೈಮುಗಿದು ಹೇಳಿ ಬಂದೆ. ಯಾರು ಕೇಳುತ್ತಾರೆ? ಸೋಮವಾರ ಹೂರಣದ ಹೋಳಿಗೆ, ಕಟ್ಟಿನ ಸಾರು. ಮಂಗಳವಾರ ಎಣ್ಣೆಗಾಯಿ, ಸಂಜೆಗೆ ಗೋದಿ ಬೆಲ್ಲದ ಮಾದಲಿ. ಬುಧವಾರ ಶೇಂಗಾ ಹೋಳಿಗೆ. ಗುರುವಾರ ತುಪ್ಪ ಕಾಯಿಸಿದಳು, ಅದೂ ಎರಡು ಸಲ. ಪರೀಕ್ಷೆಗೆಂದು ನನ್ನ ಫೋನೂ ಆ ಗೆಸ್ಟಿಗೆ ಸೇರಿತ್ತು. ಬೇಡಬೇಡವೆಂದರೂ ನಾಲ್ಕು ದಿನದಲ್ಲಿ ನನಗೆ ತೇಗು ಹತ್ತಿಕೊಂಡಿತು. ಅವಳ ಮನೆಗೆ ಹೋಗಿ "ಇದೇನ ಇಂದುಮತಿ, ಇಬ್ಬರಿರೋ ಮನ್ಯಾಗ ದಿನಾ ಹಬ್ಬ ಮಾಡ್ತಾರೇನು?" ಎಂದು ಗದರಿದೆ. "ಪ್ರೀತಿಗೆ ಲೆಕ್ಕ ಇರತದೇನ್ರಿ?" ಎಂದು ನನಗೇ ತಿರುಗಿ ಬಿದ್ದಳು. ಪುಣ್ಯಕ್ಕೆ ನನ್ನ ಬಾಯಿಗೂ ಒಂದು ಹೋಳಿಗೆ ಬಿತ್ತು.

ಶನಿವಾರ, ಅಂದರೆ ಆರನೆಯ ದಿನ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಕಾಶೀಬಾಯಿ ನಿಂತಿದ್ದರು. ಒಳಗೆ ಬಂದು ಕಂಬಕ್ಕೆ ಒರಗಿ ಕೂತರು. ನೀರು ಕೊಟ್ಟೆ, ಕುಡಿದರು. ನಾನೇ ಬಾಯಿಬಿಟ್ಟೆ. "ಯಾಕ್ರೀ ಅಕ್ಕಾರ, ಗೆಸ್ಟ್ ಸರಿ ಬರವಲ್ದೇನು? ಸ್ಪೀಡ್ ಕಮ್ಮಿ ಆಗೇತೇನು?"

"ಸ್ಪೀಡಿಗೇನಾಗೇತಿ, ಬಿಟ್ಟೂಬಿಡದ ಬರಾಕತ್ತೇತಿ" ಎಂದರು ಕಾಶೀಬಾಯಿ. "ಆದ್ರ ನೀಲಾ, ಆ ಮನ್ಯಾಗ ಮಾಸ್ತರು ಇಲ್ಲೇನು? ಆರಾಮ ಇಲ್ಲೇನು ಅವರಿಗೆ?"

"ಅದಾರಲ್ರೀ, ಗುಂಡಕಲ್ಲಿನಂಗ ಅದಾರ" ಎಂದೆ. ಅವರು ಯಾಕೆ ಹಾಗೆ ಕೇಳಿದರೆಂದು ಹೊಳೆಯಲಿಲ್ಲ.

ಆಗ ಅವರು ಹೇಳಿದರು. ಅವರಿಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ರಕ್ತ ಕೊಡಲು ಲ್ಯಾಬಿಗೆ ಹೋಗುತ್ತಾರೆ. ಅಲ್ಲಿ ರಕ್ತ ತೆಗೆಯುವವಳು ನಮ್ಮ ಲೀಲಾ. ಒಂದು ದಿನ ಲೀಲಾ ಸೂಜಿ ಹಿಡಿದು ಇವರ ತೋಳಿಗೆ ಹತ್ತಿಯಿಂದ ಸ್ಪಿರಿಟ್ ಒರೆಸುತ್ತಿದ್ದಾಗ ತಟ್ಟನೆ ಮೂಗೆತ್ತಿದಳಂತೆ. ಅವಳ ಫೋನಿನಿಂದ ಸೀದ ಉಪ್ಪಿಟ್ಟಿನ ವಾಸನೆ ಬರತೊಡಗಿತ್ತು. ಕಾಶೀಬಾಯಿಯ ಮೂಗಿಗೆ ಅದು ಮೊದಲೇ ಬಿದ್ದಿತ್ತು. "ಒಂದ ನಿಮಿಷ್ರೀ ಅವ್ವಾರ" ಎಂದು ಸೂಜಿ ಇಟ್ಟು ಲೀಲಾ ಮನೆಗೆ ಫೋನು ಹಚ್ಚಿದಳು. "ಅಪ್ಪಾ, ಗ್ಯಾಸ್ ಆರಸ್ರಿ. ಏನೂ ಆಗಿಲ್ಲ, ತಳ ಅಷ್ಟ ಹೊತ್ತೇತಿ. ಮ್ಯಾಲಿಂದು ನನಗ ಡಬ್ಬಿಗೆ ಹಾಕಿ ಇಡ್ರಿ, ನಾ ಬಂದು ಉಣ್ತೀನಿ." ಸಿಟ್ಟಿಲ್ಲ, ಸೆಡವಿಲ್ಲ. ಫೋನು ಇಟ್ಟು ನಗುತ್ತ ಬಂದು ರಕ್ತ ತೆಗೆದಳಂತೆ.

"ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ ನೋಡ ನೀಲಾ" ಎಂದರು ಕಾಶೀಬಾಯಿ. "ಆಮ್ಯಾಲೆ ನಾ ಬೇಕಂತ ಎರಡು ಮೂರು ಸಲ ಹೋಗಿ ಕುಂತೆ. ಪ್ರತಿ ಸಲ ಅದಽ. ಒಂದ ಸಲ ಪಲ್ಯ, ಒಂದ ಸಲ ಹಾಲು. ಅಷ್ಟಽ ಮೆತ್ತಗ ಹೇಳ್ತಾಳ ಅಪ್ಪಗ. ಈ ಹುಡುಗಿ ನಮ್ಮನಿಗೆ ಬಂದ್ರ ನಾ ಮುದಿ ಆದಾಗ ನನ್ನ ಜೋಡೀನೂ ಹಿಂಗ ಮಾತಾಡ್ತಾಳ ಅಂತ ಲೆಕ್ಕಾ ಹಾಕಿ ಪ್ರಭುಗ ಹೇಳಿದೆ. ಅವಂಗೂ ಮನಸಿತ್ತು, ಅದು ಬ್ಯಾರೆ ಮಾತು. ಈಗ ಆರು ದಿನ ಆತು. ಹೋಳಿಗಿ ಬಂತು, ಮಾದಲಿ ಬಂತು, ತುಪ್ಪ ಬಂತು. ಒಂದ ದಿನಾನೂ ಹೊತ್ತಿದ ವಾಸನಿ ಬರಲಿಲ್ಲ. ಅಂದ್ರೇನು? ಗಂಡಿನವರು ಮೂಸಿ ನೋಡ್ತಾರ ಅಂತ ಆ ಹುಡುಗಿ ಅಪ್ಪನ್ನ ಅಡಗೀಮನಿಯಿಂದ ಹೊರಗ ಹಾಕ್ಯಾಳ. ಯಾರನ್ನೋ ಅಡಗಿಗೆ ಇಟ್ಟಾಳ. ಎಂಟು ದಿನದ ಸಲುವಾಗಿ ಅಪ್ಪನ್ನ ಮುಚ್ಚಿಟ್ಟಾಕಿ, ನಾಳೆ ನನ್ನ ಎಲ್ಲಿ ಮುಚ್ಚಿಡ್ತಾಳೋ? ಅಕಿ ಅಂಥಾಕಿ ಅಂತ ತಿಳಿದಿರಲಿಲ್ಲ. ಬ್ಯಾಡ ಅನಸಾಕತ್ತೇತಿ ನೀಲಾ. ನೀನಽ ಕೂಡಿಸೀದಿ, ನಿನಗೆ ಒಂದ ಮಾತು ಹೇಳಿ ಬಿಡೂಣು ಅಂತ ಬಂದೆ."

ನನ್ನ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತುಹೋಯಿತು. ಅಯ್ಯೋ ಶಿವನೇ, ಏನು ಮಾಡಿಟ್ಟೆ ನಾನು! ಅಪ್ಪನಿಗೆ ತನ್ನ ಕೈಯ ಬಗ್ಗೆ ನಾಚಿಕೆ. ಆ ನಾಚಿಕೆಯನ್ನು ನಾನು ತಂತಿ ಹಚ್ಚಿ ಮಗಳ ತಲೆಗೆ ಕಟ್ಟಿದ್ದೆ. ಏನೂ ತಿಳಿಯದ ಆ ಹುಡುಗಿಯ ಮದುವೆ ನನ್ನ ಡಬ್ಬಿಯಿಂದ ಮುರಿಯುವುದರಲ್ಲಿತ್ತು. ಸುಳ್ಳು ಹೇಳಿ ಸಾಗಹಾಕಬಹುದಿತ್ತು, ಮಾಸ್ತರು ಕೈ ಸುಟ್ಟುಕೊಂಡಿದ್ದಾರೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮೂಗಿನ ಮುಂದೆ ಸುಳ್ಳು ಹೇಳಲು ನನಗೆ ಧೈರ್ಯ ಬರಲಿಲ್ಲ. ಎದ್ದು ಹೋಗಿ ಉಗುಳಿ ಬಂದು ಎಲ್ಲ ಹೇಳಿಬಿಟ್ಟೆ. ಮಾಸ್ತರು ಬಂದದ್ದು, ಅತ್ತದ್ದು, ರಿಪೀಟರ್, ಇಂದುಮತಿ, ಎಲ್ಲ. "ಲೀಲಾಗ ಇದರ ಗಂಧಗಾಳಿ ಇಲ್ರೀ. ಬೈಯೋದಿದ್ರ ನನಗ ಬೈರಿ. ಊರಿಗೆ ಹೇಳೋದಿದ್ರ ಹೇಳ್ರಿ, ನಾಳಿಂದ ಈ ಕೆಲಸಾ ಬಿಡ್ತೀನಿ" ಎಂದೆ.

ಕಾಶೀಬಾಯಿ ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ಎದ್ದು ಚಪ್ಪಲಿ ಮೆಟ್ಟುತ್ತ "ಇನ್ನ ಎರಡು ದಿನ ಅದಾವ. ಆ ಡಬ್ಬಿ ಮೊದಲ ತಗಿ. ಆ ಮನೀದು ಏನೈತಿ ಅದು ಬರಲಿ, ನೋಡ್ತೀನಿ" ಎಂದಷ್ಟೇ ಹೇಳಿ ಹೋದರು.

ಸಂಜೆ ಮಾಸ್ತರ ಮನೆಗೆ ಹೋದಾಗ ಲೀಲಾ ಆಗಷ್ಟೇ ಲ್ಯಾಬಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಆಣೆ ಗೀಣೆ ಎಲ್ಲ ಪಕ್ಕಕ್ಕಿಟ್ಟು ಡಬ್ಬಿಯ ಕಥೆಯನ್ನೂ ಅದು ಕಾಶೀಬಾಯಿಗೆ ತಿಳಿದದ್ದನ್ನೂ ಅವಳ ಎದುರೇ ಹೇಳಿದೆ. ಹೇಳುತ್ತಲೇ ಕಪಾಟಿನ ಮೇಲಿಂದ ರಿಪೀಟರ್ ಕಿತ್ತು ಬ್ಯಾಗಿಗೆ ಹಾಕಿದೆ. ಮಾಸ್ತರು ಕುರ್ಚಿಯಲ್ಲಿ ಕೂತವರು ಕೂತೇ ಇದ್ದರು. ಲೀಲಾ ಒದ್ದೆ ಕಾಲಿನಲ್ಲೇ ಬಂದು ಅವರ ಮುಂದೆ ನಿಂತಳು. ಆ ಹುಡುಗಿ ದನಿ ಏರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ಯಾಕಪ್ಪಾ ಹಿಂಗ ಮಾಡಿದ್ರಿ? ನಿಮ್ಮ ಅಡಗಿ ಚೊಲೋ ಇಲ್ಲ ಅಂತ ನಾ ಎಂದಾದ್ರೂ ಅಂದೇನಾ? ಅವ್ವ ಹೋದ ಮರುದಿನ ನೀವು ಅಕ್ಕಿ ಎಷ್ಟು ಹಾಕಬೇಕು ಗೊತ್ತಾಗದ ಕೊಡಪಾನದ ತುಂಬ ಅನ್ನ ಮಾಡಿದ್ರಿ. ಅಳಕೋತ ಮಾಡಿದ್ರಿ. ನನಗ ನೆನಪೈತಿ. ನನ್ನ ಎತ್ತಿ ಹಿಡಿದ ಕೈ ಅದು. ಅದರ ವಾಸನಿ ಬ್ಯಾಡ ಅನ್ನೋ ಮನಿ ನನಗ ಯಾಕ ಬೇಕು?"

ಮಾಸ್ತರು ತಲೆ ಎತ್ತಲಿಲ್ಲ. "ನಿನಗ ಅಂವ ಬೇಕಾಗಿದ್ದನಲ್ಲ ಅವ್ವಿ" ಎಂದರು ಮೆಲ್ಲಗೆ.

"ಬೇಕು" ಎಂದಳು ಲೀಲಾ. ಅಂದು, ಅಳು ತಡೆಯಲಾಗದೆ ಒಳಗೆ ಹೋದಳು. ನಾನು ತಂತಿ ಸುತ್ತುವ ನೆಪ ಮಾಡಿಕೊಂಡು ಕಣ್ಣೊರೆಸಿಕೊಂಡೆ. ಇಂದುಮತಿಯ ಮನೆಯಿಂದ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಅವಳಿಗೆ ಹೇಳಿ ನಿಲ್ಲಿಸುವ ಅಗತ್ಯ ಇನ್ನಿರಲಿಲ್ಲ.

ಮರುದಿನ ಭಾನುವಾರ, ಏಳನೆಯ ದಿನ. ಗೆಸ್ಟ್ ಸರಿಯಾಗಿ ಮಾಸ್ತರ ಒಲೆಗೇ ಕೂಡಿದೆಯೋ ನೋಡೋಣವೆಂದು ಎಂಟು ಗಂಟೆಗೇ ಹೋದೆ. ಮಾಸ್ತರು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಆದರೆ ಅಂದು ಗೋಡೆ ನೋಡಲಿಲ್ಲ, ಬಿಸಿಲು ನೋಡಲಿಲ್ಲ. ಒಲೆಯನ್ನು ಕನಿಷ್ಠಕ್ಕಿಳಿಸಿ, ಸವಟು ಹಿಡಿದು, ಬಾಣಲೆಯ ಮೇಲೆ ಬಗ್ಗಿ, ಮೂಗಿನ ತುದಿಯಲ್ಲಿ ಬೆವರು ಹೊತ್ತು ನಿಂತಿದ್ದರು. ಎಂಟೂವರೆಯಾಯಿತು, ಒಂಬತ್ತಾಯಿತು. ಕೈ ನಿಲ್ಲಲಿಲ್ಲ. ಕಡೆಗೆ ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ನೀರು ಹೊಯ್ದು, ಮುಚ್ಚಿ, ತೆಗೆದು ನೋಡಿದರೆ, ಉಪ್ಪಿಟ್ಟು ಮಲ್ಲಿಗೆಯಂತೆ ಅರಳಿತ್ತು. ತಳದಲ್ಲಿ ಒಂದು ಕಾಳೂ ಹತ್ತಿರಲಿಲ್ಲ.

"ನೀಲಕ್ಕ!" ಎಂದು ಕೂಗಿದರು ಮಾಸ್ತರು. "ನೋಡವ್ವಾ, ಹೊತ್ತಿಲ್ಲ! ಲೀಲಾ, ಬಾರ ಇಲ್ಲೆ, ಹೊತ್ತೇ ಇಲ್ಲ!" ಅವರ ಮುಖ ನೋಡಬೇಕಿತ್ತು. ಆದರೆ ನನ್ನ ಲೆಕ್ಕ ಬೇರೆಯಿತ್ತು. ಇವತ್ತೂ ಸೀದ ವಾಸನೆ ಹೋಗಲಿಲ್ಲವೆಂದರೆ ಡಬ್ಬಿ ಇನ್ನೂ ಅಲ್ಲೇ ಇದೆ, ನೀಲಾ ಹೇಳಿದ್ದೆಲ್ಲ ಸುಳ್ಳು ಎಂದೇ ಕಾಶೀಬಾಯಿ ತಿಳಿಯುವುದು. ಹದಿನಾಲ್ಕು ವರ್ಷ ದಿನಾ ಸೀಯಿಸಿದ ಮನುಷ್ಯ ಇವತ್ತೇ ಕೈ ಸರಿಮಾಡಿಕೊಳ್ಳಬೇಕೆ! ಲೀಲಾಳನ್ನು ಪಕ್ಕಕ್ಕೆ ಕರೆದು "ಇನ್ನೊಂದ ಹಿಡಿ ರವಾ ಹಾಕಿ ನೀನಽ ಹೊತ್ತಿಸಿಬಿಡಽ ತಂಗಿ, ಹೊತ್ತಿದ ವಾಸನಿ ಹೋಗದಿದ್ರ ಡಬ್ಬಿ ತಗದಿಲ್ಲ ಅಂತ ಕಾಶೀಬಾಯಾರು ತಿಳೀತಾರ, ನನ್ನ ಮಾತು ಕೇಳು" ಎಂದು ಪಿಸುಗುಟ್ಟಿದೆ.

ಲೀಲಾ ಅಪ್ಪನನ್ನು ನೋಡಿದಳು. ಅವರು ಬಾಣಲೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡುತ್ತಿದ್ದರು. "ಬ್ಯಾಡ ನೀಲಕ್ಕ" ಎಂದಳು. "ಇದೂ ನಮ್ಮಪ್ಪಂದಽ. ಇದ್ದದ್ದು ಹೋಗಲಿ. ಅವರಿಗೆ ಬ್ಯಾಡಾದ್ರ ಬಿಡಲಿ." ದನಿ ಗಟ್ಟಿಯಾಗಿತ್ತು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದಳೆಂದರೆ ಬೆರಳು ಬಿಳಿಚಿತ್ತು.

ಅದೇ ಹೊತ್ತಿಗೆ ಹೊರಬಾಗಿಲ ಚಿಲಕ ಸದ್ದಾಯಿತು. ನೋಡಿದರೆ ಕಾಶೀಬಾಯಿ. ಎಂಟು ದಿನದ ಒಳಗೆ ಗಂಡಿನ ಮನೆಯವರು ಹೆಣ್ಣಿನ ಮನೆಯ ಹೊಸ್ತಿಲು ತುಳಿದದ್ದನ್ನು ನನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ಬೇಡ ಎನ್ನುವುದಿದ್ದರೂ ಹಾಗೆ ಬಂದು ಹೇಳುವುದಿಲ್ಲ. ಕೈಯಲ್ಲಿ ಸಕ್ಕರೆಯೂ ಇರಲಿಲ್ಲ, ಬರಿಗೈ. ಮಾಸ್ತರು ಬಾಣಲೆಯನ್ನು ಕಟ್ಟೆಗೆ ಇಳಿಸಿದರು. ನಾನು ಮುಂದೆ ಹೋಗಿ "ಅಕ್ಕಾರ, ಡಬ್ಬಿ ತಗದೀನ್ರಿ, ಆಣಿ ಮಾಡಿ ಹೇಳ್ತೀನಿ, ಇವತ್ತಿಂದು ಖರೇನ ಇವರ ಒಲಿದು" ಎಂದು ಶುರುಮಾಡಿದೆ.

"ಸುಮ್ನಿರ ನೀಲಾ" ಎಂದರು ಕಾಶೀಬಾಯಿ. "ನನಗ ಗೊತ್ತಾಗಂಗಿಲ್ಲೇನು? ಎಂಟು ಗಂಟೆಯಿಂದ ಒಂಬತ್ತರ ತನಕ ರವಾ ಹುರದಾರ. ಒಂದು ತಾಸು! ಅಡಗಿ ಬರೋರು ಯಾರರೆ ಅಷ್ಟೊತ್ತು ಹುರೀತಾರೇನು? ಜೀವದಾಗ ಜೀವ ಇಲ್ಲದ ಹೆದರಿ ನಿಂತಾಂವ ಅಷ್ಟ ಹಂಗ ಹುರಿಯೋದು. ನಮ್ಮ ಪಡಸಾಲ್ಯಾಗ ಕುಂತು ನಾ ಆ ತಾಸು ಪೂರ್ತಿ ಆ ವಾಸನಿ ಕುಡದೀನಿ. ಪ್ರಭು ಬಂದು ಯಾಕವ್ವಾ ಅಳಾಕತ್ತಿ ಅಂದ. ಸಾಕು, ಇನ್ನ ಒಂದ ದಿನ ಕಾಯೋದಾಗೂದಿಲ್ಲ ನನಗ ಅಂತ ಎದ್ದು ಬಂದೆ." ಆಮೇಲೆ ಯಾರೂ ಕರೆಯುವ ಮೊದಲೇ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತುಬಿಟ್ಟರು. "ನನಗೂ ಒಂದ ತಾಟು ಹಚ್ಚು ತಂಗಿ" ಎಂದರು ಲೀಲಾಳಿಗೆ.

ಲೀಲಾ ತಾಟು ತಂದಳು. ಮಾಸ್ತರೇ ಬಡಿಸಿದರು, ಸವಟಿನ ಅರ್ಧ ತಾಟಿಗೆ, ಅರ್ಧ ನೆಲಕ್ಕೆ. ಕಾಶೀಬಾಯಿ ಒಂದು ತುತ್ತು ಬಾಯಿಗೆ ಇಟ್ಟುಕೊಂಡರು. ನಾವು ಮೂವರೂ ಅವರ ದವಡೆಯನ್ನೇ ನೋಡುತ್ತ ನಿಂತೆವು. ಅಗಿದರು. ನಿಲ್ಲಿಸಿದರು. ಮತ್ತೆ ಅಗಿದು ನುಂಗಿದರು. ಆಮೇಲೆ ತಲೆ ಎತ್ತಿ ಮಾಸ್ತರನ್ನು ನೋಡಿ ನಕ್ಕರು.

"ಎಲ್ಲಾ ಛಲೋ ಆಗೇತಿ" ಎಂದರು. "ಉಪ್ಪು ಹಾಕೂದು ಮರತೀರಿ. ಒಂದೀಟು ಉಪ್ಪು ತರ್ರಿ, ಬೀಗರ."

ಬೀಗರ ಎಂದದ್ದನ್ನು ಮೊದಲು ಕೇಳಿಸಿಕೊಂಡವಳು ಲೀಲಾ. ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಹೆಗಲಿಗೆ ಮುಖ ಇಟ್ಟಳು. ಮಾಸ್ತರು "ಹಾಂ, ತರ್ತೀನಿ, ತರ್ತೀನಿ" ಎನ್ನುತ್ತ ಉಪ್ಪಿನ ಡಬ್ಬಿ ಹುಡುಕಲು ತಿರುಗಿದರು. ಅದು ಕಣ್ಣೆದುರೇ ಕಟ್ಟೆಯ ಮೇಲಿತ್ತು, ಆದರೆ ಅವರ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಎರಡು ಸಲ ಅದರ ಮುಂದೆಯೇ ಹಾದುಹೋದರು. ನಾವು ಯಾರೂ ಎತ್ತಿಕೊಡಲಿಲ್ಲ, ಅವರೇ ಹುಡುಕಿ ತರಲಿ ಎಂದು ಸುಮ್ಮನೆ ನಿಂತಿದ್ದೆವು.